ಒಂದೇ ಮನೆಯ ರಕ್ತ

ಪಕ್ಕದ ಮನೆಯಲ್ಲಿ ಕುಕ್ಕರ್ ಕೂಗಿದರೆ ಈಗಲೂ ನನ್ನ ಕೈಯ ಕೆಲಸ ಒಂದು ಗಳಿಗೆ ನಿಲ್ಲುತ್ತದೆ. ನಿವೃತ್ತಳಾಗಿ ಎರಡು ವರ್ಷವಾಯಿತು. ಚೆಂಬೂರಿನ ಈ ಬಿಲ್ಡಿಂಗಿನಲ್ಲಿ ಬೆಳಗಾದರೆ ಒಂದರ ಹಿಂದೆ ಒಂದು ಅಡುಗೆಮನೆ ಕೂಗುತ್ತಲೇ ಇರುತ್ತದೆ, ಆದರೂ ಈ ಅಭ್ಯಾಸ ಹೋಗಿಲ್ಲ. ನನ್ನ ಹತ್ತಿರ ಬರುತ್ತಿದ್ದ ತಾಯಂದಿರಲ್ಲಿ ಬಹಳ ಜನ ಮೊದಲು ಹೇಳುತ್ತಿದ್ದದ್ದು ಈ ಕೂಗಿನ ವಿಷಯವನ್ನೇ. ಮಗು ಬೆಚ್ಚುತ್ತದೆ, ಪ್ರತಿ ಸಲವೂ ಬೆಚ್ಚುತ್ತದೆ, ನೂರು ಸಲ ಕೇಳಿದ ಸದ್ದಿಗೂ ಮೊದಲ ಸಲ ಕೇಳಿದ ಹಾಗೆ ಕೈಕಾಲು ಚಾಚಿ ಬೆಚ್ಚುತ್ತದೆ. ಮೊದಮೊದಲು ಮನೆಯವರು ನಗುತ್ತಾರೆ. ಆಮೇಲೆ ಕೂತಿದ್ದ ಮಗು ಕೂರುವುದನ್ನು ಮರೆಯುತ್ತದೆ, ನೋಡುತ್ತಿದ್ದ ಮಗು ನೋಡುವುದನ್ನು ಬಿಡುತ್ತದೆ. ಆಗ ಆಸ್ಪತ್ರೆಗಳ ಸುತ್ತು ಶುರುವಾಗಿ, ಎಲ್ಲ ಕಡೆ ಸುತ್ತಿ ಸುಸ್ತಾಗಿ, ಕೊನೆಗೆ ನಮ್ಮ ಲ್ಯಾಬಿನ ಬಾಗಿಲಿಗೆ ಬರುತ್ತಿದ್ದರು.

ಈ ಕೆಲಸಕ್ಕೆ ಈಗ ಸೇರುತ್ತಿರುವ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಪುಸ್ತಕದಲ್ಲಿ ಇರುವುದನ್ನು ಪುಸ್ತಕ ಓದಿ ಕಲಿತುಕೊಳ್ಳಿ. ಇಲ್ಲಿ ಬರುವವರ ಹೆಸರು, ಊರು, ಅಂಗಡಿ ಎಲ್ಲವನ್ನೂ ಬದಲಿಸಿದ್ದೇನೆ, ಆದ್ದರಿಂದ ಯಾರ ಮನೆಯ ಕಥೆ ಇದು ಎಂದು ತಲೆ ಕೆಡಿಸಿಕೊಳ್ಳಬೇಡಿ. ಎಲ್ಲರ ಮನೆಯದ್ದೂ ಹೆಚ್ಚುಕಡಿಮೆ ಹೀಗೇ ಇರುತ್ತದೆ.

ನಾನೇನು ಕೆಲಸ ಮಾಡುತ್ತಿದ್ದೆ ಎಂದು ನನ್ನ ನೆಂಟರಿಗೇ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. "ನಮ್ಮ ಪದ್ಮಾ ಬ್ಲಡ್ ಟೆಸ್ಟ್ ಮಾಡ್ತಾಳೆ" ಎಂದು ಮದುವೆ ಮನೆಯಲ್ಲಿ ಪರಿಚಯ ಮಾಡಿಸುತ್ತಿದ್ದರು. ಕೂಡಲೇ ಯಾರಾದರೂ ಒಬ್ಬರು ತಮ್ಮ ಶುಗರ್ ಎಷ್ಟಿರಬಹುದು ಎಂದು ನನ್ನನ್ನು ಕೇಳುತ್ತಿದ್ದರು, ಮುಖ ನೋಡಿ ಹೇಳುವ ವಿದ್ಯೆ ಏನೋ ನನಗೆ ಬಂದಿದೆ ಎನ್ನುವ ಹಾಗೆ. ಶುಗರ್ ನಾನು ಒಂದು ದಿನವೂ ನೋಡಿದವಳಲ್ಲ. ನಮ್ಮ ಮೈಯ ಪ್ರತಿ ಜೀವಕೋಶದಲ್ಲೂ ಕಚರಾ ಚೊಕ್ಕಟ ಮಾಡುವ ಒಂದು ಮೂಲೆ ಇದೆ, ಅದಕ್ಕೆ ಲೈಸೋಸೋಮ್ ಎನ್ನುತ್ತಾರೆ. ಅಲ್ಲಿ ಬೇರೆ ಬೇರೆ ಕಿಣ್ವಗಳು ಬೇರೆ ಬೇರೆ ಬಗೆಯ ಹಳೆಯ ಸಾಮಾನನ್ನು ಒಡೆದು ಹಾಕುತ್ತವೆ. ಹುಟ್ಟುವಾಗಲೇ ಒಂದು ಕಿಣ್ವ ಇಲ್ಲದಿದ್ದರೆ ಆ ಒಂದು ಬಗೆಯ ಕಸ ಸೇರುತ್ತಾ ಹೋಗುತ್ತದೆ. ಬಿಲ್ಡಿಂಗಿನ ಕಚರಾವಾಲಾ ನಾಲ್ಕು ದಿನ ಬರದಿದ್ದರೆ ಮೆಟ್ಟಿಲು ಹೇಗಾಗುತ್ತದೆ ನೋಡಿದ್ದೀರಲ್ಲ, ಹಾಗೆ. ಟೇ-ಸ್ಯಾಕ್ಸ್ ಎನ್ನುವ ಕಾಯಿಲೆಯಲ್ಲಿ ಆ ಕಸ ತುಂಬುವುದು ಮಗುವಿನ ಮಿದುಳಿನಲ್ಲಿ. ಔಷಧ ಇಲ್ಲ. ಮೂರು ನಾಲ್ಕು ವರ್ಷದಲ್ಲಿ ಮಗು ಹೋಗುತ್ತದೆ. ನಮ್ಮ ಕೆಲಸ ಅದು ಏನು ಎಂದು ಹೇಳುವುದು, ಮತ್ತು ಮುಂದಿನ ಮಗುವಿಗೂ ಅದು ಇದೆಯೋ ಇಲ್ಲವೋ ಎಂದು ಬಸಿರಿನಲ್ಲೇ ನೋಡಿ ಹೇಳುವುದು. ವಾಸಿ ಮಾಡುವುದು ನಮ್ಮ ಕೈಯಲ್ಲಿ ಇರಲಿಲ್ಲ. ಇದನ್ನು ಮೊದಲ ದಿನವೇ ಮನಸ್ಸಿಗೆ ಹಾಕಿಕೊಂಡರೆ ಒಳ್ಳೆಯದು. ನಾನು ಬಹಳ ವರ್ಷ ಹಾಕಿಕೊಳ್ಳಲಿಲ್ಲ.

ನಾನು ಲ್ಯಾಬ್ ಟೆಕ್ನಿಷಿಯನ್ ಆಗಿ ಸೇರಿದವಳು. ದಾದರಿನ ಹತ್ತಿರದ ಒಂದು ದೊಡ್ಡ ಆಸ್ಪತ್ರೆ, ಅದರ ಹಿಂದುಗಡೆ ಎರಡು ಕೋಣೆ. ಚೆಂಬೂರಿನಿಂದ ಕುರ್ಲಾ, ಅಲ್ಲಿ ಗಾಡಿ ಬದಲಿಸಿ ದಾದರ್, ಗರ್ದಿಯಲ್ಲಿ ಬ್ಯಾಗನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡು ನಿಂತು ನಿಂತು ಮಂಡಿ ಸವೆಸಿದ್ದು ಅಲ್ಲೇ. ಮೈಸೂರು ಕಡೆಯಿಂದ ರಿಫೈನರಿ ಕೆಲಸಕ್ಕೆ ಬಂದ ನಮ್ಮಪ್ಪ ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಮಾತಾಡಲು ಬಿಡುತ್ತಿರಲಿಲ್ಲ. ಅದರ ಫಲ ನಾನು ಲ್ಯಾಬಿನಲ್ಲಿ ಉಂಡೆ. ಬೆಳಗಾವಿ, ಧಾರವಾಡ, ವಿಜಯಪುರದ ಕಡೆಯವರು ಬಂದರೆ "ಪದ್ಮಾಲಾ ಬೋಲವಾ", ಪದ್ಮಾಳನ್ನು ಕರೆಯಿರಿ, ಎಂದು ಒಳಗಿನಿಂದ ನನ್ನನ್ನು ಎಬ್ಬಿಸಿ ತರುತ್ತಿದ್ದರು. ಹೀಗೆ ಟ್ಯೂಬ್ ತೊಳೆಯುತ್ತಿದ್ದವಳು ತಾಯಂದಿರ ಎದುರು ಕೂರುವವಳಾದೆ. ಆಮೇಲೆ ಅದಕ್ಕೆ ಒಂದು ಡಿಪ್ಲೊಮಾ, ಒಂದು ಹುದ್ದೆ ಎಲ್ಲ ಬಂತು. ಅದರ ಕಥೆ ಬೇಡ.

ನಮ್ಮ ಮೊದಲ ಮುಖ್ಯಸ್ಥೆ ಪರಾಂಜಪೆ ಮೇಡಮ್. ಕಾಟನ್ ಸೀರೆ, ಗಂಡಸರ ವಾಚು, ಮೂಗಿನ ತುದಿಯಲ್ಲಿ ಕೋಪ. ಟ್ಯೂಬಿನ ಮೇಲೆ ಬರೆದ ಅಕ್ಷರ ಸೊಟ್ಟಗಿದ್ದರೆ ಟ್ಯೂಬನ್ನೇ ವಾಪಸು ಕೊಡುತ್ತಿದ್ದರು. ಅವರು ನಮಗೆ ಕಲಿಸಿದ್ದರಲ್ಲಿ ಎರಡು ಮಾತು ನನ್ನ ಜೊತೆ ಉಳಿದವು. ಒಂದು, ಲೆಕ್ಕ ತಪ್ಪಿ ಬಂದಾಗ ಮೊದಲು ಟ್ಯೂಬನ್ನು ಅನುಮಾನಿಸಬೇಕು, ಆಮೇಲೆ ಯಂತ್ರವನ್ನು, ಎಲ್ಲಕ್ಕಿಂತ ಕೊನೆಗೆ ಮನುಷ್ಯರನ್ನು. ಇನ್ನೊಂದು, ಒಬ್ಬರ ರಕ್ತ ಹೇಳಿದ್ದನ್ನು ಇನ್ನೊಬ್ಬರಿಗೆ ಹೇಳಬಾರದು. ಗಂಡ, ಹೆಂಡತಿ, ಅತ್ತೆ, ಯಾರೇ ಆಗಲಿ, ಅವರವರದು ಅವರವರಿಗೆ. ಈ ಎರಡನೆಯ ನಿಯಮದಿಂದ ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಅತ್ತೆಯರು ಬಾಗಿಲಲ್ಲೇ ನಿಂತು "ಅಷ್ಟು ಹೇಳಿಬಿಡಿ, ದೋಷ ಯಾರದು?" ಎಂದು ಗಂಟು ಬೀಳುತ್ತಿದ್ದರು. ಹೇಳುವ ಹಾಗಿಲ್ಲ ಎಂದರೆ ನನಗೇ ಶಾಪ.

ಆ ಕಾಲದಲ್ಲಿ ಪರೀಕ್ಷೆ ಎಂದರೆ ಕೈಕೆಲಸ. ಬಂದ ರಕ್ತದಿಂದ ಬಿಳಿಯ ಕಣಗಳನ್ನು ಬೇರೆ ಮಾಡುವುದಕ್ಕೇ ಅರ್ಧ ದಿನ. ಅದಕ್ಕೆ ಒಂದು ರಾಸಾಯನಿಕ ಹಾಕಿ ಬೆಚ್ಚಗೆ ಇಟ್ಟು ಕಾದು ನೋಡಿದರೆ, ಕಿಣ್ವ ಕೆಲಸ ಮಾಡುತ್ತಿದ್ದರೆ ಟ್ಯೂಬು ಒಂದು ವಿಶೇಷ ದೀಪದ ಕೆಳಗೆ ತಿಳಿನೀಲಿಯಾಗಿ ಹೊಳೆಯುತ್ತದೆ. ಕಿಣ್ವ ಇಲ್ಲದಿದ್ದರೆ ಹೊಳೆಯುವುದಿಲ್ಲ. ಅಂಕಿ ಯಂತ್ರ ಕೊಡುತ್ತದೆ, ಆದರೆ ಅಂಕಿಗೆ ಮೊದಲೇ ನಮಗೆ ಗೊತ್ತಾಗಿರುತ್ತಿತ್ತು. ಸಾಲಿನಲ್ಲಿ ಎಲ್ಲ ಹೊಳೆದು ಒಂದು ಮಾತ್ರ ಕಪ್ಪಗೆ ನಿಂತಿರುತ್ತಿತ್ತು.

ರಕ್ತ ಬರುತ್ತಿದ್ದ ರೀತಿ ಹೇಳಿದರೆ ಈಗಿನವರು ನಗುತ್ತೀರಿ. ಮಂಗಳೂರು ಕಡೆಯ ಒಬ್ಬ ಹೋಟೆಲಿನವರು, ತಮ್ಮನ ಮಗುವಿನ ರಕ್ತವನ್ನು ಊರಿನಿಂದ ರಾತ್ರಿ ಬಸ್ಸಿನಲ್ಲಿ ತಂದರು. ಐಸಿನಲ್ಲಿ ಇಡಬೇಡಿ, ತಂಪಾಗಿದ್ದರೆ ಸಾಕು ಎಂದು ನಾನು ಫೋನಿನಲ್ಲಿ ಹೇಳಿದ್ದೆ. ಅವರು ಥರ್ಮಾಕೋಲ್ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ತಂದು ನನ್ನ ಟೇಬಲ್ಲಿನ ಮೇಲೆ ಇಟ್ಟು ಹೆಮ್ಮೆಯಿಂದ ಮುಚ್ಚಳ ತೆಗೆದರು. ಒಳಗೆ ಕೆಳಗೊಂದು ಪದರ ಐಸು, ಮೇಲೊಂದು ಪದರ ಐಸು, ನಡುವೆ ಟ್ಯೂಬು. "ಅಂಜಲ್ ಮೀನು ಹೀಗೆ ತಂದ್ರೆ ಎರಡು ದಿನ ಇದ್ರೂ ಏನೂ ಆಗುದಿಲ್ಲ ಮೇಡಮ್," ಎಂದರು. ಮೀನಿಗೆ ಏನೂ ಆಗುವುದಿಲ್ಲ, ನಿಜ. ರಕ್ತದ ಕಣಗಳು ಮಾತ್ರ ಒಡೆದು ಎಲ್ಲ ಕೆಂಪು ನೀರಾಗಿತ್ತು. ಅಷ್ಟು ಜೋಪಾನ ಮಾಡಿಯೇ ಕೆಡಿಸಿದ್ದರು. ಪಾಪ, ಅವರಿಗೆ ಬೈಯುವುದು ಹೇಗೆ? ಇನ್ನೊಮ್ಮೆ ಆ ಮಗುವಿನ ಎಳೆಯ ಕೈಗೆ ಸೂಜಿ ಚುಚ್ಚಬೇಕಾಯಿತು, ಇನ್ನೊಮ್ಮೆ ಅವರು ಬಸ್ಸು ಹತ್ತಬೇಕಾಯಿತು.

ಆಮೇಲೆ ಜೀನ್ ಓದುವ ಯಂತ್ರಗಳು ಬಂದವು. ಯಾವ ಅಕ್ಷರ ಎಲ್ಲಿ ತಪ್ಪಿದೆ ಎಂದು ಅದೇ ಹೇಳುತ್ತದೆ. ಊರೂರಿನಲ್ಲಿ ಕಲೆಕ್ಷನ್ ಸೆಂಟರುಗಳಾದವು, ಜನ ಬರುವ ಬದಲು ಟ್ಯೂಬುಗಳೇ ಬರತೊಡಗಿದವು. ಕೆಲಸ ಚುರುಕಾಯಿತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಟ್ಯೂಬಿನ ಹಿಂದಿನ ಮುಖ ಕಾಣದಂತಾಯಿತು. ನಾನು ಹೇಳಹೊರಟಿರುವ ಮನೆಯವರ ವಿಷಯ ಅದರಿಂದಲೇ ಹುಟ್ಟಿದ್ದು.

ಬೊರಿವಲಿಯಲ್ಲಿ ಅಣ್ಣತಮ್ಮಂದಿರದು ಒಂದು ಸೀರೆ ಅಂಗಡಿ. ವಿಜಯಪುರದ ಕಡೆಯವರು. ಅಣ್ಣ ಮಲ್ಲಿಕಾರ್ಜುನ, ತಮ್ಮ ಬಸವರಾಜ. ಮಲ್ಲಿಕಾರ್ಜುನನ ಹೆಂಡತಿ ಶೈಲಾ, ಅವನ ಸ್ವಂತ ಅಕ್ಕನ ಮಗಳು. ಆ ಕಡೆ ಅಕ್ಕನ ಮಗಳನ್ನು ಮಾಡಿಕೊಳ್ಳುವುದು ಹೊಸದಲ್ಲ, ಹುಡುಗಿ ಬೇರೆ ಮನೆಗೆ ಹೋಗುವುದಿಲ್ಲ ಎಂಬ ಪ್ರೀತಿಯಿಂದಲೇ ಮಾಡುತ್ತಾರೆ. ಹೀಗಾಗಿ ಮಲ್ಲಿಕಾರ್ಜುನನ ತಾಯಿ ಗುರವ್ವ ಶೈಲಾಳಿಗೆ ಅತ್ತೆಯೂ ಹೌದು, ತಾಯಿಯ ತಾಯಿಯೂ ಹೌದು. ಶೈಲಾ ಅವಳನ್ನು ಕರೆಯುತ್ತಿದ್ದದ್ದು ಆಯಿ ಎಂದೇ, ಅಂದರೆ ಅಜ್ಜಿ ಎಂದೇ. ಗಂಡನನ್ನೂ ಚಿಕ್ಕಂದಿನ ರೂಢಿಯಿಂದ ಒಮ್ಮೊಮ್ಮೆ ಮಾಮಾ ಎಂದುಬಿಡುತ್ತಿದ್ದಳು.

ಅವರ ಮೊದಲ ಮಗು ಸೃಷ್ಟಿ. ಕುಕ್ಕರಿನ ಸೀಟಿಗೆ ಬೆಚ್ಚುತ್ತಿದ್ದ ಮಗು. ಶೈಲಾ ಕುಕ್ಕರನ್ನು ಅಟ್ಟಕ್ಕೆ ಹಾಕಿ ಎರಡು ವರ್ಷ ಪಾತ್ರೆಯಲ್ಲೇ ಅನ್ನ ಬೇಯಿಸಿದಳು. ಸೃಷ್ಟಿಯ ಟ್ಯೂಬು ಕಪ್ಪಗೆ ನಿಂತದ್ದನ್ನು ನಾನೇ ನೋಡಿದವಳು, ಟೇ-ಸ್ಯಾಕ್ಸ್ ಎಂದು ಅವರಿಗೆ ಹೇಳಿದವಳೂ ನಾನೇ. ಮೂರು ವರ್ಷ ತುಂಬುವ ಮೊದಲೇ ಮಗು ಹೋಯಿತು. ಆಗಲೇ ಅವರಿಗೆ ಬಿಡಿಸಿ ಹೇಳಿದ್ದೆ: ಜೀನಿನ ಒಂದು ಕೆಟ್ಟ ಪ್ರತಿ ತಂದೆಯಿಂದ, ಒಂದು ತಾಯಿಯಿಂದ, ಎರಡೂ ಸೇರಿದರೆ ಮಾತ್ರ ಕಾಯಿಲೆ. ಒಂದೇ ಇದ್ದವರಿಗೆ ಏನೂ ಆಗುವುದಿಲ್ಲ, ಅವರು ಬರೀ ಹೊತ್ತುಕೊಂಡಿರುವವರು. ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಭಯ ಇದ್ದೇ ಇದೆ. ಬಸಿರಾದ ಕೂಡಲೇ ಬನ್ನಿ, ತಡ ಮಾಡಬೇಡಿ.

ತಡ ಮಾಡಿದರು. ಮೂರು ತಿಂಗಳು ತುಂಬುವವರೆಗೆ ಬಸಿರಿನ ಮಾತು ಹೊರಗೆ ಹೋಗಬಾರದು, ಕಣ್ಣು ತಾಗುತ್ತದೆ ಎಂಬ ಪದ್ಧತಿ. ನಮ್ಮ ಪರೀಕ್ಷೆಯೋ, ಆ ಮೂರನೆಯ ತಿಂಗಳಿನಲ್ಲೇ ಮಾಸಿನಿಂದ, ಅಂದರೆ ಪ್ಲಾಸೆಂಟಾದಿಂದ, ಒಂದು ಚೂರು ತೆಗೆದು ಮಾಡಬೇಕಾದದ್ದು. ಗುರವ್ವ ಶೈಲಾಳನ್ನು ಕರೆದುಕೊಂಡು ಬಂದಾಗ ಅದಕ್ಕೆ ಕಡೆಯ ದಿನಗಳು ನಡೆಯುತ್ತಿದ್ದವು.

"ಬಾಯಾರ, ನಮ್ಮ ಕಡೆ ಹೇಳಬಾರ್ದ್ರಿ. ಹೇಳಿದ್ರ ಹೋಗ್ತೈತಿ ಅಂತಾರ," ಎಂದಳು ಗುರವ್ವ. ಬಾಯಾರು ಎಂದರೆ ಅವರ ಕಡೆ ಅಮ್ಮನವರು.

"ನನಗೆ ಹೇಳಿದರೂ ಹೋಗುತ್ತದೆಯೇನಮ್ಮ?"

"ನೀವು ಹೊರಗಿನವ್ರ ಅಲ್ಲೇನ್ರಿ ಮತ್ತ," ಎಂದು ನಕ್ಕಳು. ನನಗೂ ನಗು ಬಂತು, ಸಿಟ್ಟೂ ಬಂತು.

ಮೊದಲು ತಾಯಿತಂದೆಯರ ರಕ್ತದಲ್ಲಿ ಆ ತಪ್ಪು ಅಕ್ಷರ ಇದೆ ಎಂದು ಗಟ್ಟಿ ಮಾಡಿಕೊಳ್ಳಬೇಕು. ಶೈಲಾಳದು ಅಲ್ಲೇ ತೆಗೆದೆವು. ಮಲ್ಲಿಕಾರ್ಜುನ ಅಂಗಡಿಯಲ್ಲಿದ್ದ, ಮದುವೆಯ ಹಂಗಾಮು. ಬೊರಿವಲಿಯ ಕಲೆಕ್ಷನ್ ಸೆಂಟರಿನಲ್ಲಿ ಕೊಟ್ಟುಬಿಡಲಿ ಎಂದೆವು. ಮಾರನೆಯ ದಿನ ಅವನ ಹೆಸರಿನ ಟ್ಯೂಬು ಬಂತು.

ಅಷ್ಟರಲ್ಲಿ ಪರಾಂಜಪೆ ಮೇಡಮ್ ನಿವೃತ್ತರಾಗಿ ಡಾಕ್ಟರ್ ಸಮೀರ್ ಮುಖ್ಯಸ್ಥರಾಗಿದ್ದರು. ಪರದೇಶದಲ್ಲಿ ಕಲಿತು ಬಂದವರು, ಯಂತ್ರದ ಕೆಲಸದಲ್ಲಿ ಅವರನ್ನು ಮೀರಿಸುವವರಿಲ್ಲ. ನನ್ನನ್ನು ಪದ್ಮಾತಾಯಿ ಎನ್ನುತ್ತಿದ್ದರು, ಮರಾಠಿಯಲ್ಲಿ ತಾಯಿ ಎಂದರೆ ಅಕ್ಕ. ಫಲಿತಾಂಶ ಬಂದ ದಿನ ಅವರು ಬಾಗಿಲು ಹಾಕಿ ನನ್ನನ್ನು ಕೂರಿಸಿದರು.

ಶೈಲಾಳ ರಕ್ತದಲ್ಲಿ ತಪ್ಪು ಅಕ್ಷರ ಇದೆ. ಸತ್ತ ಮಗುವಿನಲ್ಲಿ ಅದರ ಎರಡು ಪ್ರತಿ ಇದ್ದವು. ಮಲ್ಲಿಕಾರ್ಜುನನ ಹೆಸರಿನ ಟ್ಯೂಬಿನಲ್ಲಿ ಒಂದೂ ಇಲ್ಲ.

"ಪದ್ಮಾತಾಯಿ, ಇದರ ಅರ್ಥ ನಿಮಗೆ ಗೊತ್ತು," ಎಂದರು.

ಗೊತ್ತಿತ್ತು. ಸೃಷ್ಟಿಯ ತಂದೆ ಮಲ್ಲಿಕಾರ್ಜುನ ಅಲ್ಲ ಎಂಬ ಅರ್ಥ. ಈ ಮಾತು ಆ ಬೊರಿವಲಿಯ ಮನೆಗೆ ಹೋದರೆ ಶೈಲಾಳ ಗತಿ ಏನು? ಗಂಡನ ಮನೆ ಎಂದರೂ ತಾಯಿಯ ತವರು ಎಂದರೂ ಅವಳಿಗೆ ಅದೊಂದೇ. ನನ್ನ ಮನಸ್ಸಿಗೂ ಒಂದು ಗಳಿಗೆ ಅನುಮಾನ ಬಂತು, ಸುಳ್ಳು ಯಾಕೆ ಹೇಳಲಿ. ಅಷ್ಟು ವರ್ಷದಲ್ಲಿ ಏನೇನೋ ನೋಡಿದ್ದೆ.

"ಅವಳನ್ನು ಒಬ್ಬಳೇ ಕರೆದು ಮಾತಾಡೋಣ. ಮುಚ್ಚಿಡುವುದು ಸರಿಯಲ್ಲ, ತಂದೆ ಬೇರೆಯವನಾದರೆ ಈ ಬಸಿರಿನ ಲೆಕ್ಕವೇ ಬೇರೆ," ಎಂದರು ಸಮೀರ್. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ನನಗೆ ಪರಾಂಜಪೆ ಮೇಡಮ್ ಅವರ ಮಾತು ಬಾಯಿಗೆ ಬಂತು. ಮೊದಲು ಟ್ಯೂಬು. ಮಲ್ಲಿಕಾರ್ಜುನನನ್ನೇ ಇಲ್ಲಿಗೆ ಕರೆಸಿ ನಮ್ಮ ಕಣ್ಣೆದುರು ಇನ್ನೊಮ್ಮೆ ರಕ್ತ ತೆಗೆಯೋಣ, ಆಮೇಲೆ ನೀವು ಹೇಳಿದ ಹಾಗೆ ಮಾಡೋಣ ಎಂದೆ. ಅವರು ಸ್ವಲ್ಪ ಯೋಚಿಸಿ ಒಪ್ಪಿದರು. ನಿಜ ಹೇಳಬೇಕೆಂದರೆ, ಒಪ್ಪದೆ ಹಟ ಮಾಡಿದ್ದರೆ ಎದುರು ನಿಲ್ಲುವ ಶಕ್ತಿ ಆ ದಿನ ನನ್ನಲ್ಲಿ ಇರಲಿಲ್ಲ. ಮಂಡಿ ನೋಯುತ್ತಿತ್ತು, ಮನಸ್ಸೂ ದಣಿದಿತ್ತು.

ಮಾರನೆಯ ದಿನ ಅಂಗಡಿ ತಮ್ಮನಿಗೆ ಬಿಟ್ಟು ಮಲ್ಲಿಕಾರ್ಜುನ ಬಂದ. ಜೊತೆಗೆ ಗುರವ್ವ. ಕೈಗೆ ಪಟ್ಟಿ ಕಟ್ಟುತ್ತಾ ನಮ್ಮ ಸಿಸ್ಟರ್ ಹಿಂದಿಯಲ್ಲಿ, ಹೋದ ಸಲ ಯಾವ ಕೈಯಲ್ಲಿ ತೆಗೆದಿದ್ದರು, ನರ ಸಿಕ್ಕಿತ್ತೇ ಎಂದು ಸುಮ್ಮನೆ ಕೇಳಿದಳು. ಅವನು ನನ್ನ ಕಡೆ ತಿರುಗಿದ.

"ಹ್ವಾದ ಸಲ ನಾ ಕೊಟ್ಟಿಲ್ರಿ ಮೇಡಮ್ಮಾರ. ನಮ್ಮ ಬಸು ಕೊಟ್ಟಾನ."

ಕನ್ನಡ ಬಾರದ ಸಮೀರ್ ಏನಂತೆ ಏನಂತೆ ಎಂದು ಕೇಳುತ್ತಿದ್ದರು.

"ನಿಮ್ಮ ಹೆಸರಿನಲ್ಲಿ ಬಸು ಹೇಗೆ ಕೊಟ್ಟ?" ಎಂದೆ.

"ಗಿರಾಕಿ ಬಾಳ ಇದ್ರು, ನನಗ ಏಳಾಕ ಆಗಲಿಲ್ಲ. ಅಂವ ಖಾಲಿ ಇದ್ದ. ಹೋಗಿ ನನ್ನ ಹೆಸರು ಹೇಳಿ ಕೊಟ್ಟು ಬಂದ. ಯಾಕ್ರಿ, ನಡಿಯೂದಿಲ್ಲೇನು?"

ಗುರವ್ವನೂ ಮಗನ ಮಾತಿಗೆ ಮಾತು ಸೇರಿಸಿದಳು. "ಒಂದ ಹೊಟ್ಟ್ಯಾಗ ಹುಟ್ಯಾರ್ರಿ ಬಾಯಾರ. ಒಂದ ಮನಿ ರಕ್ತ ಅಲ್ಲೇನು? ಶ್ರಾವಣದ ಪೂಜಾಕ್ಕ ಇಂವ ಇಲ್ಲಂದ್ರ ಅಂವನ ಕುಂಡ್ರತಾನ. ದೇವರು ಬ್ಯಾಡ ಅಂದಿಲ್ಲ."

ದೇವರು ಬೇಡ ಎಂದಿಲ್ಲ, ಸರಿ. ಆ ಮನೆಯಲ್ಲಿ ಅಣ್ಣನ ಬದಲು ತಮ್ಮ ಪೂಜೆಗೆ ಕೂರುತ್ತಾನೆ, ಅಣ್ಣನ ಬದಲು ಪಾರ್ಸಲ್ಲಿಗೆ ಸಹಿ ಹಾಕುತ್ತಾನೆ, ಅಣ್ಣನ ಬದಲು ರಕ್ತವನ್ನೂ ಕೊಡುತ್ತಾನೆ. ಅದರಲ್ಲಿ ಮೋಸ ಎಳ್ಳಷ್ಟೂ ಇರಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ರಕ್ತ ಎನ್ನುವುದು ನಮ್ಮ ಲೆಕ್ಕ. ಅವರ ಲೆಕ್ಕದಲ್ಲಿ ಮನೆಗೆಲ್ಲ ಸೇರಿ ಒಂದೇ. ಇನ್ನು ಸ್ವಲ್ಪದರಲ್ಲಿ ಶೈಲಾಳ ಬಾಳು ಬೀದಿಗೆ ಬೀಳುತ್ತಿತ್ತು, ಅದೂ ಒಂದು ಅಂಗಡಿಯ ಗಿರಾಕಿಗಳ ದೆಸೆಯಿಂದ. ಸಮೀರ್ ಆ ಸಂಜೆಯೇ ಎಲ್ಲ ಕಲೆಕ್ಷನ್ ಸೆಂಟರುಗಳಿಗೂ ಫೋಟೋ ಇರುವ ಗುರುತಿನ ಚೀಟಿ ನೋಡದೆ ರಕ್ತ ತೆಗೆಯಬಾರದು ಎಂದು ಬರೆದು ಕಳಿಸಿದರು. ನೀವು ಈಗ ಅದನ್ನು ಕೇಳುವಾಗ ಜನ ಗೊಣಗುತ್ತಾರಲ್ಲ, ಕಾರಣ ಇದು.

ಮಲ್ಲಿಕಾರ್ಜುನನ ರಕ್ತದಲ್ಲಿ ಆ ತಪ್ಪು ಅಕ್ಷರ ಇತ್ತು. ಇರಲೇಬೇಕಿತ್ತು. ಬಸವರಾಜ ಬಂದು ನನ್ನದೂ ಹೇಳಿ ಎಂದು ಕೇಳಿದ. ಅವನ ಸಹಿ ತೆಗೆದುಕೊಂಡು ನಿನಗೆ ಇಲ್ಲ ಎಂದು ಅವನೊಬ್ಬನಿಗೇ ಹೇಳಿದೆವು. ಪಾಪ, ಖುಷಿಯಿಂದ ಮನೆಗೆ ಪೇಢೆ ಒಯ್ದನಂತೆ. ಆ ಪೇಢೆಯಿಂದ ಏನಾಗುತ್ತದೆ ಎಂದು ಆಗ ಯಾರಿಗೂ ಹೊಳೆಯಲಿಲ್ಲ.

ಬಸಿರಿನ ಪರೀಕ್ಷೆ ಸಮಯಕ್ಕೆ ಸರಿಯಾಗಿ ಆಯಿತು. ಸಮೀರ್ ಜೀನ್ ನೋಡಿದರು, ನಾನು ಹಳೆಯ ಪದ್ಧತಿಯ ಪ್ರಕಾರ ಕಿಣ್ವ ನೋಡಿದೆ. ದೀಪ ಹಾಕಿದಾಗ ಸಾಲಿನಲ್ಲಿ ಒಂದು ಟ್ಯೂಬು ಹೊಳೆಯಲಿಲ್ಲ. ನಂಬರ್ ನೋಡಿದೆ, ಶೈಲಾಳ ಬಸಿರಿನದೇ.

ಇಬ್ಬರನ್ನೂ ಕೂರಿಸಿ ಹೇಳಿದೆ. ಇಂಥ ಮಾತನ್ನು ಹೇಳುವುದು ಹೇಗೆ ಎಂದು ಈಗ ತರಗತಿಯಲ್ಲಿ ಕಲಿಸುತ್ತಾರಂತೆ. ಕಲಿಯಿರಿ. ನಾನು ಕಲಿತದ್ದು ಇಷ್ಟೇ, ಸುತ್ತಿ ಬಳಸದೆ ಮೊದಲ ವಾಕ್ಯದಲ್ಲೇ ಹೇಳಬೇಕು, ಆಮೇಲೆ ಸುಮ್ಮನಿರಬೇಕು. ಶೈಲಾ ಬಹಳ ಹೊತ್ತು ಸೀರೆಯ ಸೆರಗಿನ ಅಂಚನ್ನು ಮಡಚುತ್ತಾ ಕೂತಿದ್ದಳು.

"ಇದೂ ಸೀಟಿಗಿ ಬೆಚ್ಚತೈತೇನ್ರಿ?" ಎಂದಳು.

"ಹೌದಮ್ಮ."

"ಮಾಮಾ, ಮನಿಗಿ ಹೋಗೂಣು ನಡೀರಿ," ಎಂದು ಎದ್ದಳು. ಮುಂದೆ ಅವರೇ ಯೋಚಿಸಿ ಬಸಿರು ಬೇಡ ಎಂದು ತೀರ್ಮಾನಿಸಿದರು. ಅದು ನಾವು ಹೇಳುವ ಮಾತಲ್ಲ, ಹೇಳಲೂ ಇಲ್ಲ. ಆ ಸಂಜೆ ದಾದರಿನ ಪ್ಲಾಟ್‌ಫಾರ್ಮಿನಲ್ಲಿ ನಾನು ಬಂದ ಬಂದ ಗಾಡಿಗಳನ್ನೆಲ್ಲ ಬಿಟ್ಟು ಬೆಂಚಿನ ಮೇಲೆ ಕೂತೇ ಇದ್ದೆ. ಅಳುತ್ತಲೂ ಇದ್ದೆ. ಅಳಲು ಜಾಗ ಬೇಕೆಂದರೆ ಲೋಕಲ್ ಸ್ಟೇಷನ್ನಿನಷ್ಟು ಒಳ್ಳೆಯ ಜಾಗ ಮುಂಬೈಯಲ್ಲಿ ಇಲ್ಲ, ಯಾರೂ ತಿರುಗಿ ನೋಡುವುದಿಲ್ಲ.

ಕೆಲವು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಗುರವ್ವ ಒಬ್ಬಳೇ ಬಂದಳು. ಬೊರಿವಲಿಯಿಂದ ಅಷ್ಟು ದೂರ ಒಬ್ಬಳೇ ಲೋಕಲಿನಲ್ಲಿ ಬಂದದ್ದು ಅದೇ ಮೊದಲಂತೆ. ಏದುಸಿರು ಬಿಡುತ್ತಿದ್ದಳು. ನೀರು ಕೊಟ್ಟೆ.

"ಊರಾಗ ನನ್ನ ಮೈದುನ ಅದಾನ್ರಿ, ಮನಿತನಕ್ಕ ಹಿರ್ಯಾ. ಬಸೂಗ ಇಲ್ಲ ಅಂತ ಗೊತ್ತಾದಾಗಿಂದ ಒಂದ ಹಟ ಹಿಡದಾನ. ಬಸೂಗ ಇಲ್ಲಂದ್ರ ನಮ್ಮ ಮನಿತನದಾಗ ಇಲ್ಲ, ಹುಡುಗಿ ಅಪ್ಪನ ಕಡಿಂದ ಬಂದೈತಿ, ಮಲ್ಲೂಗ ಬ್ಯಾರೆ ಮದವಿ ಮಾಡ್ರಿ ಅಂತಾನ. ಹೆಣ್ಣೂ ನೋಡ್ಯಾನ."

"ತಂದೆಯಿಂದಲೂ ಬಾರದೆ ಮಗುವಿಗೆ ಕಾಯಿಲೆ ಬರುವುದಿಲ್ಲವಲ್ಲಮ್ಮ, ಮಲ್ಲಿಕಾರ್ಜುನ ಹೇಳಲಿಲ್ಲವೇ?"

"ಅಂವ ಹೇಳಿದ್ರ ಹೆಂಡ್ತೀನ ಉಳಸ್ಕೊಳ್ಳಾಕ ಸುಳ್ಳ ಹೇಳ್ತಾನ ಅಂತಾರ್ರಿ. ಶೈಲೂ ಊಟ ಬಿಟ್ಟಾಳ. ಮಲ್ಲು ಬಾಯಿ ತಗಿಯೂದಿಲ್ಲ. ಇನ್ನ ನಾಕ ದಿನಕ್ಕ ಅವರೆಲ್ಲಾ ಬರಾವ್ರು ಅದಾರ."

ಅಂದರೆ ಪೇಢೆ ಊರು ಮುಟ್ಟಿತ್ತು. ನಾನು ಅವಳಿಗೆ ನಿಧಾನವಾಗಿ ಬಿಡಿಸಿ ಹೇಳಿದೆ. ಮಲ್ಲಿಕಾರ್ಜುನನಿಗೂ ಶೈಲಾಳ ತಾಯಿಗೂ ಇದು ಒಂದೇ ಕಡೆಯಿಂದ ಬಂದದ್ದು, ಒಂದೋ ನಿಮ್ಮಿಂದ, ಇಲ್ಲವೋ ತೀರಿಹೋದ ನಿಮ್ಮ ಯಜಮಾನರಿಂದ. ಬಸವರಾಜನಿಗೆ ಅದೃಷ್ಟಕ್ಕೆ ಬರಲಿಲ್ಲ, ಅಷ್ಟೆ.

ಗುರವ್ವ ತಲೆ ಆಡಿಸಿದಳು. ಅವಳಿಗೆ ಇದು ಹೊಸ ವಿಷಯ ಎನ್ನಿಸಲಿಲ್ಲ. ಎಷ್ಟೋ ದಿನದಿಂದ ತಾನೇ ಲೆಕ್ಕ ಹಾಕಿಕೊಂಡಿದ್ದಳು ಎಂದು ಕಾಣುತ್ತದೆ.

"ಹಂಗಾರ ನಂದ ಅಂತ ಬರದು ಕೊಡ್ರಿ ಬಾಯಾರ. ಈ ಮುದುಕೀದು ಅಂತ."

"ಹಾಗೆ ಬರೆಯಲಿಕ್ಕೆ ಬರುವುದಿಲ್ಲ. ಬನ್ನಿ, ನಿಮ್ಮ ರಕ್ತ ತೆಗೆದು ನೋಡೋಣ, ಇದ್ದರೆ ಬರೆದುಕೊಡುತ್ತೇನೆ," ಎಂದೆ.

"ಸೂಜಿ ಬ್ಯಾಡ್ರಿ."

"ಹೆದರಿಕೆಯೇ?"

"ಸೂಜೀದೇನ ಹೆದರಿಕಿ? ನೋಡಿದ ಮ್ಯಾಲೆ ನಂದಲ್ಲ ಅಂತ ಬಂದ್ರ ಏನ ಮಾಡ್ಲಿ? ಸತ್ತವರ ಮ್ಯಾಲೆ ಹಾಕಿದ್ರ ಅವರ ತಮ್ಮ ಕೇಳ್ತಾನೇನು? ನನ್ನ ಮ್ಯಾಲೆ ಹಾಕಿದ್ರ ಕೇಳ್ತಾನ. ನಾ ಬ್ಯಾರೆ ಮನಿಯಿಂದ ಬಂದಾಕಿ."

ನಾನು ಅವಳ ಮುಖ ನೋಡಿದೆ. ಐವತ್ತು ವರ್ಷ ಆ ಮನೆಯಲ್ಲಿ ಬಾಳಿದ ಹೆಂಗಸು, ಇನ್ನೂ ಬೇರೆ ಮನೆಯಿಂದ ಬಂದವಳೇ.

"ನಾನ ಮಾಡಿದ ಮದವಿ ಅದು," ಎಂದಳು. "ಹುಡುಗಿ ಕಣ್ಣ ಮುಂದ ಇರಲಿ ಅಂತ ಮಗಳಿಗೆ ಕಾಡಿ ಬೇಡಿ ತಂದೆ. ಈಗ ಆಕೀನ ಹೊರಗ ಹಾಕ್ತಾರಂದ್ರ ನಾ ಸುಮ್ನ ಕುಂಡ್ರಲೇನು? ಪೂಜಾಕ್ಕ ಒಬ್ಬರ ಬದಲಿ ಒಬ್ಬರು ಕುಂಡ್ರತೀವಿ. ಇದಕ್ಕ ಯಾಕ ಬರೂದಿಲ್ಲ?"

ಸುಳ್ಳು ರಿಪೋರ್ಟ್ ಬರೆಯಲಿಕ್ಕೆ ಆಗುವುದಿಲ್ಲ, ಬರೆಯಲಿಲ್ಲ. 'ಇಂಥ ಸಂದರ್ಭದಲ್ಲಿ ಅಜ್ಜ ಅಜ್ಜಿಯರಲ್ಲಿ ಒಬ್ಬರಿಂದ ಇಬ್ಬರು ಮಕ್ಕಳಿಗೂ ಬಂದಿರುತ್ತದೆ, ತಮ್ಮನಿಗೆ ಇಲ್ಲದ ಮಾತ್ರಕ್ಕೆ ಮನೆತನದಲ್ಲಿ ಇಲ್ಲ ಎನ್ನಲಾಗದು' ಎಂದು ಮಾತ್ರ ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆದು ಸಮೀರ್‌ಗೆ ಅರ್ಥ ಹೇಳಿ ಅವರ ಸಹಿ ಹಾಕಿಸಿ ಕೊಟ್ಟೆ. ಗುರವ್ವನಿಗೆ ಓದಲು ಬರುತ್ತಿರಲಿಲ್ಲ. ಅದನ್ನು ನಾಲ್ಕು ಮಡಿಕೆ ಮಾಡಿ ಕುಪ್ಪಸದಲ್ಲಿ ಇಟ್ಟುಕೊಂಡು, ಚಹಾ ಕುಡಿದು, ಸ್ಟೇಷನ್ನಿನ ದಾರಿ ಇನ್ನೊಮ್ಮೆ ಕೇಳಿಕೊಂಡು ಹೊರಟಳು. ಹೋಗುವಾಗ ನನ್ನ ಮೇಲೆ ಬೇಸರವಾಗಿದೆ ಎಂದು ಅವಳ ನಡಿಗೆಯಲ್ಲೇ ಗೊತ್ತಾಗುತ್ತಿತ್ತು.

ಆಮೇಲೆ ಅವರ ಸುದ್ದಿ ಇರಲಿಲ್ಲ. ಬೇರೆ ಟ್ಯೂಬುಗಳು, ಬೇರೆ ತಾಯಂದಿರು. ನನ್ನ ನಿವೃತ್ತಿ ಹತ್ತಿರ ಬರುತ್ತಿತ್ತು, ನಾನು ದಿನ ಎಣಿಸುತ್ತಿದ್ದೆ ಎಂದರೆ ಯಾರೂ ತಪ್ಪು ತಿಳಿಯಬೇಡಿ. ಇನ್ನು ಸಾಕು ಎನ್ನಿಸಿಬಿಟ್ಟಿತ್ತು. ಆಗ ಒಂದು ಸೋಮವಾರ ಶೈಲಾ ಬಂದಳು, ಮಲ್ಲಿಕಾರ್ಜುನನ ಜೊತೆ. ಮುಟ್ಟು ತಪ್ಪಿ ಇನ್ನೂ ಕೆಲವೇ ದಿನವಾಗಿತ್ತು. ಯಾರಿಗೂ ಹೇಳುವ ಮೊದಲು ನನಗೆ ಹೇಳಲು ಬಂದಿದ್ದಳು. ಗುರವ್ವನೇ ಕಳಿಸಿದ್ದಳಂತೆ, "ಮೊದಲ ಬಾಯಾರಿಗೆ ಹೇಳು, ದೇವರಿಗೆ ಆಮ್ಯಾಲೆ" ಎಂದು.

ಈ ಸಲ ಟ್ಯೂಬು ಹೊಳೆಯಿತು. ಸಮೀರ್ ನನ್ನನ್ನು ಕರೆದು ಎರಡೆರಡು ಸಲ ತೋರಿಸಿದರು. ನಾನು ಸೀರೆಯ ಸೆರಗಿನಿಂದ ಕನ್ನಡಕ ಒರೆಸಿಕೊಂಡು ಮೂರನೆಯ ಸಲ ನೋಡಿದೆ.

ರಿಪೋರ್ಟ್ ಕೊಡುವ ದಿನ ಗುರವ್ವನೂ ಬಂದಿದ್ದಳು. ಒಳಗೆ ಬರಲಿಲ್ಲ, ಹೊರಗೆ ಬೆಂಚಿನ ಮೇಲೆ ಕೂತಳು. ಮಗುವಿಗೆ ಕಾಯಿಲೆ ಇಲ್ಲ ಎಂದು ಹೇಳಿದೆ. ಮಲ್ಲಿಕಾರ್ಜುನ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಗಳಗಳ ಅತ್ತ. ಆಮೇಲೆ ಅವನು ಬಿಲ್ಲಿನ ಕಿಟಕಿಗೆ ಹೋದ ಮೇಲೆ ಶೈಲಾ ಎದ್ದು ಬಾಗಿಲವರೆಗೆ ಹೋಗಿ ಮತ್ತೆ ತಿರುಗಿ ಬಂದಳು. ದನಿ ತಗ್ಗಿಸಿ ಕೇಳಿದಳು.

"ಮೇಡಮ್ಮಾರ, ಆಯಿ ಇಲ್ಲಿಗಿ ಒಬ್ಬಾಕೀನ ಬಂದು ರಕ್ತಾ ಕೊಟ್ಟು ಹೋಗ್ಯಾಳಂತ. ಅದು ಆಕೀ ಕಡಿಂದನ ಬಂದೈತಿ ಅಂತ ನೀವು ಬರದು ಕೊಟ್ರಂತ. ಹಿರ್ಯಾರ ಮುಂದ ಹಾಳಿ ಹಿಡದು ಎಲ್ಲಾ ನನ್ನದ ಅಂತ ಹೇಳಿದ್ಲು. ಅವರು ಅಂದಿದ್ದು ಒಂದೆರಡಲ್ರಿ, ಎಲ್ಲಾ ನುಂಗ್ಕೊಂಡ್ಲು. ಮದವಿ ಮಾತು ಅವತ್ತ ನಿಂತು. ಅದು ಖರೇ ಏನ್ರಿ? ಆಯಿ ಕಡಿಂದನ ಬಂದಿದ್ದೇನು?"

ಹಾಳೆಯನ್ನು ಅವಳೂ ಓದಿರಬೇಕು. ಅದರಲ್ಲಿ ಏನಿದೆ, ಏನಿಲ್ಲ ಎಂದು ಅವಳಿಗೆ ಗೊತ್ತಿರಬೇಕು. ಆದರೂ ನನ್ನ ಬಾಯಿಂದ ಕೇಳಬೇಕಿತ್ತು. ಬಾಗಿಲ ಸಂದಿಯಿಂದ ಗುರವ್ವ ನನ್ನನ್ನೇ ನೋಡುತ್ತಿದ್ದಳು.

ನನ್ನ ವೃತ್ತಿಯುದ್ದಕ್ಕೂ ನನಗೆ ಶಾಪ ತಂದುಕೊಟ್ಟ ಮೇಡಮ್ ಅವರ ಆ ನಿಯಮ ಆ ದಿನ ನನ್ನ ಕೈ ಹಿಡಿಯಿತು.

"ಒಬ್ಬರ ರಕ್ತದ ವಿಷಯ ಇನ್ನೊಬ್ಬರಿಗೆ ಹೇಳುವ ಹಾಗಿಲ್ಲ ಶೈಲಾ," ಎಂದೆ. "ಇಲ್ಲಿಯ ಕಾಯ್ದೆ ಅದು."

"ಹಂಗಾರ ಇರ್ಲಿ ಬಿಡ್ರಿ," ಎಂದು ಕಣ್ಣೊರೆಸಿಕೊಂಡು ಹೊರಗೆ ಹೋದಳು. ಬೆಂಚಿನ ಮುಂದೆ ಕೂತು, ಸುತ್ತ ಅಷ್ಟು ಜನ ಇದ್ದರೂ ಲಕ್ಷ್ಯ ಮಾಡದೆ, ಆಯಿಯ ಎರಡೂ ಪಾದದ ಮೇಲೆ ತಲೆ ಇಟ್ಟಳು.